ಹಗಲು ಹಸಿ ತರಕಾರಿ, ರಾತ್ರಿ ಚಿತ್ರಾನ್ನ

ಇದು ನನ್ನ ಬಳಿ ಸಲಹೆಗೆ ಬಂದ ಒಬ್ಬರ ಕಥೆ. ಗುರುತು ಸಿಗಬಾರದು ಎಂದು ವಯಸ್ಸು, ಕೆಲಸ, ಸಂಬಂಧಗಳನ್ನು ಬದಲಿಸಿದ್ದೇನೆ. ಅವರಿಗೆ ಓದಿಸಿ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರಿಗೆ 47 ವರ್ಷ, ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಹೆಂಡತಿ ಒತ್ತಾಯ ಮಾಡಿ ಕರೆತಂದಿದ್ದರು. "ಎರಡು ವರ್ಷದಿಂದ ಬೇಯಿಸಿದ್ದು ಮುಟ್ಟಿಲ್ಲ ಮೇಡಂ" ಅನ್ನುವುದೇ ಅವರ ಮೊದಲ ಮಾತು. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಮೊಳಕೆ ಕಾಳು, ಸೌತೆಕಾಯಿ, ರಾತ್ರಿ ನೆನೆಸಿದ ಕಡಲೆಬೀಜ, ಕಾಯಿತುರಿ. ಹಾಲು, ಮೊಸರೂ ಇಲ್ಲ.

ಶುರುವಿನಲ್ಲಿ ಒಳ್ಳೆಯದೇ ಆಗಿತ್ತು. ಆರು ತಿಂಗಳಲ್ಲಿ 11 ಕೆಜಿ ಇಳಿದರು. ಬೇಕರಿ ತಿಂಡಿ, ಬೋಂಡ, ದಿನಕ್ಕೆ ಐದಾರು ಸಲ ಸಕ್ಕರೆ ಕಾಫಿ, ಇವೆಲ್ಲ ಒಟ್ಟಿಗೆ ನಿಂತರೆ ತೂಕ ಇಳಿಯದೆ ಇರುತ್ತಾ? ಆದರೆ ಅವರು ಅದೆಲ್ಲ ಬೇಯಿಸುವುದನ್ನು ಬಿಟ್ಟಿದ್ದರ ಫಲ ಎಂದುಕೊಂಡರು. ಸಹೋದ್ಯೋಗಿಗಳು ಬಂದು ಸಲಹೆ ಕೇಳತೊಡಗಿದರು. ಮನೆಯವರ ವಾಟ್ಸಾಪ್ ಗ್ರೂಪಿಗೆ ದಿನಾ ತಟ್ಟೆಯ ಫೋಟೊ. ಅಕ್ಕನ ಮಗಳ ಮದುವೆಯಲ್ಲಿ, ಪಂಕ್ತಿಯಲ್ಲಿ ಕೂತು ತಮ್ಮ ಡಬ್ಬಿ ತೆಗೆದು, ಎಲೆಯ ಮೇಲಿನ ಊಟ ತೋರಿಸಿ "ಇದೆಲ್ಲ ಸತ್ತ ಆಹಾರ" ಅಂದರಂತೆ. ಬಡಿಸುತ್ತಿದ್ದ ಅಕ್ಕ ಅಲ್ಲೇ ಅತ್ತುಬಿಟ್ಟರು. ತಾಯಿ ಇವರಿಗಾಗಿ ಹುರುಳಿ ಸಾರು ಮಾಡುವುದನ್ನೇ ನಿಲ್ಲಿಸಿದರು.

ಎರಡನೇ ಭೇಟಿಯಲ್ಲಿ ಹೆಂಡತಿಯನ್ನು ಹೊರಗೆ ಕೂರಿಸಿ ಅಂದರು. ಆಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಕೊನೆಗೆ ಹೇಳಿದರು: ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈಟ್ ಹಾಕದೆ ಅಡುಗೆಮನೆಗೆ ಹೋಗಿ, ಉಳಿದ ಚಿತ್ರಾನ್ನ, ತಣ್ಣಗಾದ ಮುದ್ದೆ, ಏನಿದೆಯೋ ಅದನ್ನು ನಿಂತುಕೊಂಡೇ ತಿನ್ನುತ್ತಿದ್ದರು. ಮರುದಿನ ಶಿಕ್ಷೆ ಎಂದು ಉಪವಾಸ. ನಾಲ್ಕು ತಿಂಗಳಿಂದ ಪಾದಗಳಲ್ಲಿ ಜೋಮು, ಮೆಟ್ಟಿಲು ಹತ್ತಿದರೆ ಸುಸ್ತು.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ, ನರಗಳಿಗೂ ರಕ್ತಕ್ಕೂ ಬೇಕಾದ ಬಿ12 ವಿಟಮಿನ್ ತೀರಾ ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಯಿತು. ಸೊಪ್ಪು, ಕಾಳು, ಹಣ್ಣು ಎಷ್ಟೇ ತಿಂದರೂ, ಹಸಿಯಾಗಲಿ ಬೆಂದದ್ದಾಗಲಿ, ಅದರಲ್ಲಿ ಬಿ12 ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ಇಲ್ಲದವರು ಮಾತ್ರೆ ತೆಗೆದುಕೊಳ್ಳಲೇಬೇಕು. ಇಂಥ ಜೋಮನ್ನು "ವಿಷ ಹೊರಗೆ ಹೋಗ್ತಿದೆ" ಎಂದುಕೊಂಡು ಸಹಿಸಬೇಡಿ, ದಯವಿಟ್ಟು.

ಇನ್ನುಳಿದ ಗಂಟು ಹೊಟ್ಟೆಯದಲ್ಲ. "ಈಗ ಬಿಟ್ಟರೆ ಜನ ಏನಂತಾರೆ? ಅಷ್ಟು ಜನಕ್ಕೆ ಹೇಳಿಬಿಟ್ಟಿದ್ದೀನಿ." ಅವರನ್ನು ಕಟ್ಟಿಹಾಕಿದ್ದು ಈ ಮಾತೇ. ಗಾಂಧೀಜಿ ಎಂದರೆ ಅವರಿಗೆ ಬಹಳ ಗೌರವ, ಹಾಗಾಗಿ ನೆನಪಿಸಿದೆ: ಗಾಂಧೀಜಿ 1893ರಲ್ಲಿ ಪ್ರಿಟೋರಿಯಾದಲ್ಲಿ ಬೇಯಿಸದ ಆಹಾರದ ಪ್ರಯೋಗಕ್ಕೆ ಇಳಿದು ಎರಡು ವಾರದೊಳಗೆ ಕೈಬಿಟ್ಟರು, 1929ರಲ್ಲಿ ಮತ್ತೆ ಹಿಡಿದರು, ಆಮಶಂಕೆಯಾಗಿ ಮತ್ತೆ ಬಿಟ್ಟರು, ಬಿಟ್ಟಿದ್ದನ್ನೂ ತಮ್ಮ ಪತ್ರಿಕೆಯಲ್ಲೇ ಬರೆದರು. ಇವರು ಮೊದಲ ಸಲ ನೋಟ್‌ಬುಕ್ ತೆಗೆದದ್ದು ಆಗ.

ನಾನು ಹೇಳಿದ್ದು ಇಷ್ಟು. ಒಂದು ತಿಂಗಳು ಊಟದ ಬಗ್ಗೆ ಯಾರಿಗೂ ಏನೂ ಹೇಳಬೇಡಿ, ಫೋಟೊ ಬೇಡ, ಬಿಟ್ಟೆ ಅಂತಲೂ ಸಾರಬೇಡಿ. ಕದ್ದು ತಿನ್ನುವ ಚಿತ್ರಾನ್ನವನ್ನೇ ಮಧ್ಯಾಹ್ನ ತಟ್ಟೆಗೆ ಹಾಕಿಕೊಂಡು, ಹೆಂಡತಿಯ ಎದುರು ಕೂತು ತಿನ್ನಿ. ಮರುದಿನದ ಉಪವಾಸ ಬೇಡವೇ ಬೇಡ. ತಿಂದ ಎರಡು ಗಂಟೆ ಬಿಟ್ಟು ಹೊಟ್ಟೆ ಹೇಗಿದೆ, ಸಿಟ್ಟು ಬಂತಾ, ನಿದ್ದೆ ಬಂತಾ ಎಂದು ಒಂದು ಸಾಲು ಬರೆಯಿರಿ. ಹಸಿಯದು ನಿಮಗೆ ಹಿಡಿಸಿದರೆ ಖಂಡಿತ ಇರಲಿ, ನಮ್ಮ ಎಲೆಯಲ್ಲಿ ಕೋಸಂಬರಿಗೆ ಮೊದಲಿಂದಲೂ ಜಾಗ ಇದೆ ಅಲ್ವಾ, ಪಕ್ಕದಲ್ಲೇ ಬೆಂದ ತೊಗರಿಬೇಳೆಯ ಸಾರಿಗೂ ಇದೆ. ಕ್ಯಾರೆಟ್, ಟೊಮೆಟೊ ಬೆಂದರೆ ಅದರ ಬಣ್ಣದ ಸತ್ವ ಮೈಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. "ಇದೇ ಸರಿ" ಅನ್ನುವ ಕಡೆಯಲ್ಲೆಲ್ಲ "ನನಗೆ ಸದ್ಯ ಇದು ಒಗ್ಗುತ್ತೆ" ಅಂದು ನೋಡಿ. ಅಮ್ಮನ ಹತ್ತಿರ ದೊಡ್ಡ ಕ್ಷಮೆ, ಭಾಷಣ ಬೇಡ, ಹುರುಳಿ ಸಾರು ಮಾಡ್ತೀಯಾಮ್ಮ ಎಂದು ಕೇಳಿ, ಸಾಕು. ಅಕ್ಕನಿಗೆ ಮಾತ್ರ ಬಾಯಿಬಿಟ್ಟು ತಪ್ಪಾಯ್ತು ಅನ್ನಲೇಬೇಕು, ನಾಲ್ಕು ಜನರ ಎದುರು ಆಡಿದ ಮಾತು ಅದು.

ಐದನೇ ಭೇಟಿಗೆ ಬಂದಾಗ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿ ಬಂದಿದ್ದರು. ಡಬ್ಬಿ ಒಯ್ದಿರಲಿಲ್ಲ. ಕೋಸಂಬರಿ ಎರಡು ಸಲ ಹಾಕಿಸಿಕೊಂಡು, ಅನ್ನ ಸಾರನ್ನೂ ಊಟ ಮಾಡಿದ್ದಾರೆ. "ಯಾರೂ ಏನೂ ಕೇಳಲೇ ಇಲ್ಲ ಮೇಡಂ" ಅಂದರು. ಹೇಳುವಾಗ ಮುಖದಲ್ಲಿ ನಿರಾಳವೂ ಇತ್ತು, ಸ್ವಲ್ಪ ನೋವೂ ಇತ್ತು. ಆ ನೋವಿನ ಬಗ್ಗೆಯೇ ಈಗ ಮಾತಾಡುತ್ತಿದ್ದೇವೆ.