ಹೆತ್ತವರಿಗೆ ಹೆತ್ತವರೇ ಒಡನಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಗುವಿನ ಮಾನಸಿಕ ತೊಂದರೆಯೊಂದಿಗೆ ಕೆಲವು ವರ್ಷ ಏಗಿದ ಹೆತ್ತವರು, ಈಗಷ್ಟೇ ಅಂಥದ್ದೊಂದು ಸಂಕಟಕ್ಕೆ ಸಿಕ್ಕ ಮತ್ತೊಂದು ಮನೆಯವರ ಜೊತೆಗೆ ನಿಲ್ಲುವುದು ಹೇಗೆ? ಈ ಸಲ ಬಂದ ಪತ್ರಗಳೆಲ್ಲ ಇದನ್ನೇ ಕೇಳಿವೆ. ಅಂಥವರನ್ನು ಇಲ್ಲಿ ‘ಒಡನಾಡಿ ಪೋಷಕರು’ ಎಂದು ಕರೆದಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ. ನಾಲ್ಕು ವರ್ಷದಿಂದ ಚಿಕಿತ್ಸೆ ನಡೆದಿದೆ, ಈಗ ಪರವಾಗಿಲ್ಲ. ಶಾಲೆಯ ಬೇರೆ ತಾಯಂದಿರು ನನ್ನ ಹತ್ತಿರವೇ ಬಂದು ಕೇಳುತ್ತಾರೆ. ಹತ್ತು ಜನ ಸೇರಿ ತರಬೇತಿ ಪಡೆಯೋಣ ಎಂದುಕೊಂಡಿದ್ದೇವೆ. ಎಷ್ಟು ದಿನ ಬೇಕು? ಯಾರು ಕಲಿಸುತ್ತಾರೆ? (ಒಬ್ಬ ತಾಯಿ, ಹಾಸನ)

ಮೊದಲು ಒಂದು ವ್ಯತ್ಯಾಸ. ನಿಮ್ಮ ಮಗುವನ್ನು ನೋಡಿಕೊಳ್ಳುವ ಕೌಶಲ ಬೇರೆ, ಇನ್ನೊಬ್ಬ ಹೆತ್ತವರಿಗೆ ನೆರವಾಗುವ ಕೌಶಲ ಬೇರೆ. ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಪೋಷಕರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ತರಬೇತಿಯಲ್ಲಿ 9 ಗುಂಪು ತರಗತಿಗಳು, 3 ಮನೆ ಭೇಟಿಗಳಿವೆ. ಅದು ಮೊದಲನೆಯ ಬಗೆಯದು. ಎರಡನೆಯದಕ್ಕೆ ನ್ಯೂಯಾರ್ಕ್ ರಾಜ್ಯದ ಮಾದರಿ ನೋಡಿ. ಅಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಗಳಲ್ಲಿ ಇಂಥ ಪೋಷಕರು ಸಂಬಳದ ಕೆಲಸದಲ್ಲಿದ್ದಾರೆ. ಅವರಿಗೆಂದು ರೂಪಿಸಿದ ತರಬೇತಿಯಲ್ಲಿ 40 ಗಂಟೆ ತರಗತಿ, ಅದಾದ ಮೇಲೆ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಸಮಾಲೋಚನೆ. ಈ ಆರು ತಿಂಗಳ ಸಮಾಲೋಚನೆಯನ್ನು ಕೈಬಿಟ್ಟರೆ ತರಗತಿಯಲ್ಲಿ ಕಲಿತದ್ದು ಉಳಿಯುವುದು ಕಷ್ಟ. ನಮ್ಮಲ್ಲಿ ಎರಡು ದಿನದ ಕಾರ್ಯಾಗಾರ, ಪ್ರಮಾಣಪತ್ರ, ಒಂದು ಗ್ರೂಪ್ ಫೋಟೊ ಆದರೆ ತರಬೇತಿ ಮುಗಿಯಿತು ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಹತ್ತು ಜನಕ್ಕೆ ಎಂಟು ಶನಿವಾರ, ದಿನಕ್ಕೆ ಮೂರು ಗಂಟೆ ಇಟ್ಟುಕೊಳ್ಳಿ. ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ. ಮೊದಲ ಎರಡು ವಾರ ಬರೀ ಕೇಳಿಸಿಕೊಳ್ಳುವ ಅಭ್ಯಾಸ. ಮೂರನೆಯ ವಾರ ಕಾಯಿಲೆಗಳ ತಿಳಿವಳಿಕೆ, ನಾಲ್ಕನೆಯದರಲ್ಲಿ ನಿಮ್ಮ ಜಿಲ್ಲೆಯಲ್ಲಿ ಯಾವ ಸೇವೆ ಎಲ್ಲಿ, ಯಾವ ದಿನ ಸಿಗುತ್ತದೆ ಎಂಬುದರ ಪಟ್ಟಿ. ಆಮೇಲೆ ಎರಡು ವಾರ ಶಾಲೆ ಮತ್ತು ಕಾನೂನು, ಒಂದು ವಾರ ತುರ್ತು ಸಂದರ್ಭ. ಕೊನೆಯ ವಾರ ಪರೀಕ್ಷೆ.

ಪ್ರತಿ ತರಗತಿಯ ಅರ್ಧ ಸಮಯ ಅಭಿನಯಕ್ಕೆ ಹೋಗಬೇಕು. ಮೂವರು ಮೂವರಾಗಿ ಕುಳಿತುಕೊಳ್ಳಿ. ಒಬ್ಬರು ಕಷ್ಟ ಹೇಳುವವರು, ಒಬ್ಬರು ಕೇಳುವವರು, ಮೂರನೆಯವರು ಚೀಟಿ ಹಿಡಿದು ಗಮನಿಸುವವರು. ಏಳು ನಿಮಿಷ. ಗಮನಿಸುವವರು ಎರಡೇ ವಿಷಯ ಎಣಿಸಲಿ: ನಡುವೆ ಎಷ್ಟು ಸಲ ಬಾಯಿ ಹಾಕಿದರು, ‘ನಮ್ಮ ಮಗನಿಗೂ ಹೀಗೇ ಆಗಿತ್ತು’ ಎಂದು ಎಷ್ಟು ಸಲ ಹೇಳಿದರು. ಎಂಟನೆಯ ವಾರದ ಹೊತ್ತಿಗೆ ಈ ಎಣಿಕೆ ಇಳಿಯದಿದ್ದರೆ ಅವರನ್ನು ಇನ್ನೂ ಯಾರ ಮನೆಗೂ ಕಳಿಸಬೇಡಿ.

ಕಲಿಸಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೇಳಿ. 1996ರಲ್ಲಿ ದೇಶದಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇರುತ್ತಾರೆ. ಬರೀ ‘ತರಬೇತಿ ಕೊಡಿ’ ಎಂದು ಕೇಳದೆ ತಾರೀಖು, ವಿಷಯ, ಜನರ ಸಂಖ್ಯೆ ಬರೆದು ಪತ್ರ ಕೊಡಿ. ಮೂರನೆಯ ಮತ್ತು ಏಳನೆಯ ವಾರಕ್ಕಂತೂ ಅವರು ಇರಲೇಬೇಕು. ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇರುತ್ತದೆ. ನಿಮ್ಮ ತಾಲ್ಲೂಕಿನದು ತಿಂಗಳ ಯಾವ ಮಂಗಳವಾರ ಎಂದು ಕೇಳಿ ಪಟ್ಟಿಯಲ್ಲಿ ಬರೆದುಕೊಳ್ಳಿ.

ಮಗುವಿಗೆ ರೋಗನಿರ್ಣಯವಾಗಿ ವರ್ಷ ತುಂಬದವರನ್ನು ತರಬೇತಿಗೆ ಸೇರಿಸಿಕೊಳ್ಳಬಾರದು ಎಂಬುದು ನಮ್ಮ ಅಭಿಪ್ರಾಯ. ಅವರಿಗೆ ಈಗ ಬೇಕಿರುವುದು ಆಸರೆ.

ಪ್ರಶ್ನೆ: ಪರಿಚಯದ ಒಬ್ಬರ ಮಗಳಿಗೂ ನನ್ನ ಮಗಳಿಗಿದ್ದ ಆತಂಕದ ಕಾಯಿಲೆಯೇ ಇದೆ. ನಾವು ಏನೇನು ಮಾಡಿದೆವು, ಯಾವ ಮಾತ್ರೆ ಹಿಡಿಸಿತು ಎಲ್ಲ ಹೇಳಿದೆ. ಈಗ ಅವರು ನನ್ನ ಫೋನನ್ನೇ ತೆಗೆಯುವುದಿಲ್ಲ. ನಾನೇನು ತಪ್ಪು ಮಾಡಿದೆ? (ಒಬ್ಬ ತಂದೆ, ದಾವಣಗೆರೆ)

ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಅವರು ತಮ್ಮ ಮಗಳ ವಿಷಯ ಹೇಳಲು ಬಂದರು, ಕೇಳಿಸಿಕೊಂಡದ್ದು ನಿಮ್ಮ ಮಗಳ ವಿಷಯ. ಒಡನಾಡಿ ಪೋಷಕರು ಎಡವುವುದು ಹೆಚ್ಚಾಗಿ ಇಲ್ಲೇ. ಅನುಭವ ಇದೆಯೆಂದೇ ನಿಮ್ಮನ್ನು ನಂಬುತ್ತಾರೆ, ಆ ಅನುಭವವನ್ನೇ ಸುರಿದರೆ ದೂರ ಸರಿಯುತ್ತಾರೆ.

ಮೊದಲ ಭೇಟಿ 45 ನಿಮಿಷ ಮೀರದಿರಲಿ. ಮೊದಲ 20 ನಿಮಿಷ ಅವರದು. ‘ಈ ವಾರ ಯಾವ ಹೊತ್ತು ತುಂಬಾ ಕಷ್ಟವಾಯ್ತು?’ ಎಂದು ಕೇಳಿ ಸುಮ್ಮನಿರಿ. ‘ಎಲ್ಲಾ ಸರಿಹೋಗುತ್ತೆ ಬಿಡಿ’ ಎಂದರೆ ಬಾಯಿ ಮುಚ್ಚಿಸಿದ ಹಾಗೆ. ‘ಬೆಳಿಗ್ಗೆ ಶಾಲೆಗೆ ಹೊರಡಿಸುವಾಗ ನಿಮಗೂ ಕೈಕಾಲು ನಡುಗುತ್ತೆ ಅಂದ್ರಿ’ ಎಂದು ಅವರ ಮಾತನ್ನೇ ತಿರುಗಿ ಹೇಳಿದರೆ ಮುಂದಿನ ಮಾತು ತಾನಾಗಿ ಬರುತ್ತದೆ. ನಿಮ್ಮ ಕಥೆ ಅವರು ಕೇಳಿದಾಗ ಮಾತ್ರ, ಅದೂ ಎರಡು ನಿಮಿಷ.

ಮಾತ್ರೆಯ ಹೆಸರು ಮಾತ್ರ ಎಂದಿಗೂ ಬೇಡ. ಇದಕ್ಕೆ ಕಾರಣ ಬರೀ ಶಿಷ್ಟಾಚಾರ ಅಲ್ಲ. ಖಿನ್ನತೆ, ಆತಂಕಕ್ಕೆ ಕೊಡುವ ಫ್ಲೂಆಕ್ಸೆಟಿನ್‌ನಂಥ ಔಷಧ ಪೂರ್ತಿ ಕೆಲಸ ಮಾಡಲು 4ರಿಂದ 6 ವಾರ ಬೇಕು. ‘ನಮ್ಮವಳಿಗೆ ಹತ್ತೇ ದಿನದಲ್ಲಿ ಗುಣ ಕಾಣಿಸಿತು’ ಎಂಬ ಒಂದು ಮಾತಿಗೆ ಆ ಮನೆಯವರು ಹನ್ನೊಂದನೇ ದಿನ ಮಾತ್ರೆ ನಿಲ್ಲಿಸಬಹುದು. ಎಡಿಎಚ್‌ಡಿಗೂ ಬಳಸುವ ಕ್ಲೊನಿಡಿನ್ ಅನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಏರುತ್ತದೆ. ಫಿಟ್ಸ್‌ಗೂ ಮನಸ್ಸಿನ ವಿಪರೀತ ಏರಿಳಿತಕ್ಕೂ ಕೊಡುವ ವ್ಯಾಲ್‌ಪ್ರೊಯೇಟ್ ಹಾಗೆ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಔಷಧದ ಪ್ರಶ್ನೆ ಬಂದರೆ ‘ಇದನ್ನು ಚೀಟಿಯಲ್ಲಿ ಬರೆದುಕೊಳ್ಳೋಣ, ಡಾಕ್ಟರನ್ನು ಕೇಳೋಣ’ ಎನ್ನಿ.

ಆ ಚೀಟಿಯೇ ನೀವು ಕೊಡಬಹುದಾದ ದೊಡ್ಡ ಸಹಾಯ. ಹೊರರೋಗಿ ವಿಭಾಗದಲ್ಲಿ ಸಿಗುವ ಕೆಲವೇ ನಿಮಿಷದಲ್ಲಿ ತಾಯಿಗೆ ಅಳು ಬಂದು ಮುಖ್ಯವಾದದ್ದೇ ಮರೆತುಹೋಗುತ್ತದೆ. ಎರಡು ವಾರ ನೋಟ್‌ಬುಕ್‌ನಲ್ಲಿ ದಿನಕ್ಕೊಂದು ಸಾಲು ಬರೆಯಲು ಹೇಳಿಕೊಡಿ: ಮಲಗಿದ್ದು–ಎದ್ದದ್ದು, ಊಟ, ಶಾಲೆಗೆ ಹೋದಳೋ ಇಲ್ಲವೋ, ಮಾತ್ರೆ ತಪ್ಪಿತೇ, ಜಗಳ ಅಥವಾ ಅಳು ಎಷ್ಟು ನಿಮಿಷ, ಅದಕ್ಕೆ ಮೊದಲು ಏನಾಯ್ತು. ಕೊನೆಗೆ ಡಾಕ್ಟರನ್ನು ಕೇಳಬೇಕಾದ ಮೂರೇ ಪ್ರಶ್ನೆ.

ಇನ್ನೆರಡು ವಿಷಯ. ‘ತಾಯಿ ಮುದ್ದು ಮಾಡಿ ಕೆಡಿಸಿದಳು’ ಎಂಬ ಮಾತು ಮನೆಯಲ್ಲಿ ನಡೆಯುತ್ತಿದ್ದರೆ ಅಜ್ಜಿ, ತಾತಂದಿರ ಎದುರೇ ಒಮ್ಮೆ ಕೂತು ಮಾತಾಡಿ, ಆ ತಾಯಿಯೊಬ್ಬಳ ಕಿವಿಯಲ್ಲಿ ಹೇಳಿ ಪ್ರಯೋಜನವಿಲ್ಲ. ಹರಕೆ, ಪೂಜೆ ಇದ್ದರೆ ಬೇಡವೆನ್ನಬೇಡಿ. ಮಾತ್ರೆ ತಪ್ಪದಿರಲಿ, ಮಗುವಿಗೆ ಹೊಡೆತ, ಉಪವಾಸ, ಬರೆ ಇಂಥದ್ದೇನೂ ಆಗದಿರಲಿ ಎಂಬಷ್ಟಕ್ಕೆ ಗಟ್ಟಿಯಾಗಿ ನಿಲ್ಲಿ.

ಪ್ರಶ್ನೆ: ಏಳನೇ ತರಗತಿಯ ಹುಡುಗನ ಟಿಸಿ ತೆಗೆದುಕೊಂಡು ಹೋಗಿ ಎಂದು ಶಾಲೆಯವರು ಒತ್ತಾಯಿಸುತ್ತಿದ್ದಾರೆ. ಅವನ ಹೆತ್ತವರ ಜೊತೆ ನಾನು ಹೋಗಿ ಮಾತಾಡಬಹುದೇ? (ಓದುಗರು, ಕಲಬುರಗಿ)

ಜೊತೆಗೆ ಹೋಗಿ, ಆದರೆ ಮಾತಾಡಬೇಕಾದವರು ಹೆತ್ತವರು. ಹಿಂದಿನ ದಿನವೇ ಕೂತು ಬೇಡಿಕೆಗಳನ್ನು ಮೂರಕ್ಕೆ ಇಳಿಸಿ, ಒಂದು ಪುಟದ ಪತ್ರ ಮಾಡಿ. ಉದಾಹರಣೆಗೆ: ಮುಂದಿನ ಬೆಂಚು, ಹೋಮ್‌ವರ್ಕ್ ಅರ್ಧಕ್ಕೆ ಇಳಿಸುವುದು, ದೂರು ಇದ್ದರೆ ವಾರಕ್ಕೊಮ್ಮೆ ಒಬ್ಬರೇ ಶಿಕ್ಷಕರಿಂದ ಫೋನ್. ಪತ್ರದ ಎರಡನೇ ಪ್ರತಿಗೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಸಭೆಯಲ್ಲಿ ನೀವು ಬರೆದುಕೊಳ್ಳಿ, ಕೊನೆಗೆ ಒಪ್ಪಿದ್ದನ್ನು ಓದಿ ಹೇಳಿ. ಮೊದಲ ವಾಕ್ಯದಲ್ಲೇ ಕಾಯ್ದೆ ಎತ್ತಿದರೆ ಮುಖ್ಯೋಪಾಧ್ಯಾಯರು ಬಿಗಿಯಾಗುತ್ತಾರೆ, ಮಗು ನಾಳೆಯೂ ಅದೇ ತರಗತಿಯಲ್ಲಿ ಕೂರಬೇಕು.

ಆದರೂ ಕಾಯ್ದೆ ಗೊತ್ತಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಮಾತು ಫಲಿಸದಿದ್ದರೆ ಸೀಲು ಬಿದ್ದ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಇವೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಎಡಿಎಚ್‌ಡಿ ಇರುವ ಮಗುವಿಗೆ ಕಲಿಕಾ ನ್ಯೂನತೆಯೂ ಇದೆಯೇ ಎಂದು ಪರೀಕ್ಷೆ ಮಾಡಿಸುವುದು ಮುಖ್ಯ, ಎರಡೂ ಒಟ್ಟಿಗಿರುವುದು ಅಪರೂಪವಲ್ಲ. ಆ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ–ಮೂರನೇ ಭಾಷೆಯಿಂದ ವಿನಾಯಿತಿಯನ್ನು ಹೆಸರಿಸಿಯೇ ಹೇಳುತ್ತದೆ. ಪ್ರಮಾಣಪತ್ರದ ಓಡಾಟಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಎಸ್ಸೆಸ್ಸೆಲ್ಸಿ ವರ್ಷದ ಜನವರಿಯಲ್ಲಿ ನೆನಪಾದರೆ ತಡವಾಯಿತು, ಒಂಬತ್ತನೇ ತರಗತಿಯಲ್ಲೇ ಶುರುಮಾಡಿ.

ಪ್ರಶ್ನೆ: ನಾನು ನೆರವಾಗುತ್ತಿರುವ ಮನೆಯ 15 ವರ್ಷದ ಹುಡುಗಿಯ ಕೈಯಲ್ಲಿ ಬ್ಲೇಡಿನ ಗೆರೆಗಳಿವೆ. ‘ಯಾರಿಗೂ ಹೇಳಬೇಡಿ’ ಎಂದು ಅವಳ ತಾಯಿ ಕೈ ಹಿಡಿದುಕೊಂಡರು. ಏನು ಮಾಡಲಿ? (ಒಬ್ಬ ತಾಯಿ, ಉಡುಪಿ)

ಈ ಗುಟ್ಟನ್ನು ನೀವೊಬ್ಬರೇ ಹೊರಬೇಡಿ. ಕೈ ಕೊಯ್ದುಕೊಳ್ಳುವ ಮಕ್ಕಳೆಲ್ಲ ಸಾಯಲು ಬಯಸಿರುವುದಿಲ್ಲ, ಎಷ್ಟೋ ಸಲ ಅದು ತಡೆಯಲಾಗದ ಸಂಕಟಕ್ಕೆ ಕಂಡುಕೊಂಡ ದಾರಿ. ಆದರೆ ಯಾವುದು ಯಾವುದು ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ‘ಸಾಯಬೇಕು ಅಂತ ಅನ್ನಿಸುತ್ತಾ?’ ಎಂದು ತಾಯಿ ನೇರವಾಗಿ ಕೇಳಲಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಭಯ. ಹೌದು ಎಂದರೆ, ಹೇಗೆ, ಯಾವಾಗ ಎಂದು ಯೋಚಿಸಿದ್ದಾಳೆಯೇ ಕೇಳಲಿ. ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿ ತೋಟದ ಕೀಟನಾಶಕ, ಇಲಿ ಪಾಷಾಣ, ಅಜ್ಜನ ಮಾತ್ರೆ ಡಬ್ಬಿ ಎಲ್ಲ ಬೀಗದೊಳಗೆ ಹೋಗಲಿ, ಸಾಧ್ಯವಾದರೆ ಬೇರೆ ಮನೆಗೇ ಹೋಗಲಿ. ಏನಾದರೂ ಕುಡಿದ ಅನುಮಾನ ಬಂದರೆ ವಾಂತಿ ಮಾಡಿಸುತ್ತ ಕೂರದೆ, ಬಾಟಲಿ ಸಮೇತ 108ರಲ್ಲಿ ಹೊರಡಿ. ಮಗು ಚೆನ್ನಾಗಿಯೇ ಕಾಣುತ್ತಿದ್ದರೂ ಹೊರಡಿ.

ದಿನದ 24 ಗಂಟೆ ಕನ್ನಡದಲ್ಲಿ ಉಚಿತವಾಗಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಫೋನ್ ಹಚ್ಚಿ ತಾಯಿಯ ಕೈಗೆ ಕೊಡಿ, ಪಕ್ಕದಲ್ಲಿ ಕೂತಿರಿ.

ಪೊಲೀಸ್ ಕೇಸಿನ ಹೆದರಿಕೆಗೆ ಉತ್ತರ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ. ‘ಹುಚ್ಚಾಸ್ಪತ್ರೆಯಲ್ಲಿ ಒಬ್ಬಳೇ ಬಿಟ್ಟುಬರಬೇಕೇ’ ಎಂಬ ಭಯಕ್ಕೆ 87ನೇ ಸೆಕ್ಷನ್ ಇದೆ: ದಾಖಲಾದ ಮಕ್ಕಳನ್ನು ದೊಡ್ಡವರಿಂದ ಬೇರೆಯಾಗಿಯೇ ಇಡಬೇಕು, ಪೋಷಕರು ಅಥವಾ ಅವರು ನೇಮಿಸಿದವರು ಪೂರ್ತಿ ಅವಧಿ ಜೊತೆಗಿರಬೇಕು.

ಮುಂದೆ ಹೀಗಾಗದಂತೆ ಮೊದಲ ಭೇಟಿಯಲ್ಲೇ ಹೇಳಿಬಿಡಿ: ‘ನಿಮ್ಮ ಮಾತು ನನ್ನಲ್ಲೇ ಇರುತ್ತೆ. ಆದರೆ ಜೀವಕ್ಕೆ ಅಪಾಯ ಅಥವಾ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ ಸುಮ್ಮನಿರಲಾರೆ.’ ಎರಡನೆಯದಂತೂ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಮಕ್ಕಳ ಸಹಾಯವಾಣಿ 1098. ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹೆಸರು, ಫೋಟೊ, ಔಷಧ ಚೀಟಿ ಯಾವುದೂ ಬೇಡ.

ಪ್ರಶ್ನೆ: ಈ ಕೆಲಸಕ್ಕೆ ಹಣ ತೆಗೆದುಕೊಳ್ಳಬಹುದೇ? ಒಬ್ಬರು ಎಷ್ಟು ಮನೆ ನೋಡಬಹುದು? (ಪೋಷಕರ ಗುಂಪು, ಮೈಸೂರು)

ಬಸ್ ಚಾರ್ಜು, ಫೋನ್ ಖರ್ಚು ಗುಂಪಿನಿಂದ ಸಿಗಲೇಬೇಕು. ಸಂಸ್ಥೆಯೊಂದು ಗೌರವಧನ ಕೊಟ್ಟರೆ ಸಂಕೋಚ ಬೇಡ, ಆದರೆ ಆ ಮನೆಯವರಿಂದ ಏನೂ ತೆಗೆದುಕೊಳ್ಳಬೇಡಿ. ಯಾವುದೇ ಥೆರಪಿ ಸೆಂಟರ್‌ನ ಕಮಿಷನ್‌ಗೂ ಕೈ ಚಾಚಬೇಡಿ, ಅದೊಂದು ಗೊತ್ತಾದರೆ ಇಡೀ ಗುಂಪಿನ ಮೇಲಿನ ನಂಬಿಕೆ ಹೋಗುತ್ತದೆ.

ಒಬ್ಬರಿಗೆ ಒಂದು ಹೊತ್ತಿಗೆ ಮೂರು ಮನೆ ಸಾಕು. ಫೋನಿಗೆ ಸಮಯ ಗೊತ್ತುಮಾಡಿ, ರಾತ್ರಿ ಒಂಬತ್ತರ ಮೇಲೆ ತುರ್ತಿದ್ದರೆ 14416 ಎಂದು ಮೊದಲೇ ತಿಳಿಸಿ. ನಿಮ್ಮ ಸ್ವಂತ ಮಗುವಿಗೆ ಮತ್ತೆ ಜೋರಾದರೆ ನಿಮ್ಮ ಮೂರು ಮನೆಗಳನ್ನು ಗುಂಪಿನ ಇನ್ನೊಬ್ಬರಿಗೆ ಒಪ್ಪಿಸಿ. ಅದಕ್ಕೆಂದೇ ಪ್ರತಿ ಮನೆಗೂ ಶುರುವಿನಿಂದ ಇಬ್ಬರು ಒಡನಾಡಿಗಳ ಪರಿಚಯ ಮಾಡಿಸಿರಬೇಕು.