ಟ್ರಾಲಪ್‌ ಅವರ ಮೊದಲ ಕಾದಂಬರಿ

ಪ್ರಶ್ನೆ: ಇಂಗ್ಲಿಷ್ ಲೇಖಕ ಆಂಟನಿ ಟ್ರಾಲಪ್ ತಮ್ಮ ಮೊದಲ ಕಾದಂಬರಿಗೆ ನಶಿಸುತ್ತಿದ್ದ ಐರಿಷ್ ಮನೆತನವೊಂದನ್ನು ಆರಿಸಿಕೊಂಡದ್ದೇಕೆ?

ಉತ್ತರ: ಅಂಚೆ ಇಲಾಖೆಯ ನೌಕರಿಯ ಮೇಲೆ 1841ರಲ್ಲಿ ಐರ್ಲೆಂಡಿಗೆ ಹೋದ ಟ್ರಾಲಪ್, ಲೀಟ್ರಿಮ್ ಕೌಂಟಿಯ ಡ್ರಮ್‌ಸ್ನಾ ಬಳಿ ಅಡ್ಡಾಡುವಾಗ ಕಂಡ ಪಾಳುಮನೆಯೊಂದೇ 1847ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ‘ದಿ ಮ್ಯಾಕ್‌ಡರ್ಮಟ್ಸ್ ಆಫ್ ಬ್ಯಾಲಿಕ್ಲೊರಾನ್’ ಕೃತಿಗೆ ಪ್ರೇರಣೆಯಾಯಿತು. ಕಾದಂಬರಿಯಲ್ಲಿ ಮ್ಯಾಕ್‌ಡರ್ಮಟ್ ಮನೆತನದ ಮೇಲೆ, ಮನೆ ಕಟ್ಟಿಸಿದ ಸಾಲಕ್ಕೆ ಬಡ್ಡಿ ಏರುತ್ತಲೇ ಇದೆ. ಬಡ ಗೇಣಿದಾರರಿಂದ ಬರುವ ಹಣ ಅದಕ್ಕೆ ಸಾಲದು. ತಂದೆ ಲ್ಯಾರಿಗೆ ಬುದ್ಧಿ ಮಂಕಾಗುತ್ತಿದೆ. ತಂಗಿ ಫೀಮಿಯನ್ನು ಕರೆದೊಯ್ಯಲು ಬಂದ ಪೊಲೀಸ್ ಅಧಿಕಾರಿ ಅಷರ್‌ನನ್ನು ಹೊಡೆದು ಕೊಂದ ಮಗ ಥೇಡಿ ಕೊನೆಗೆ ನೇಣಿಗೇರುತ್ತಾನೆ. ಐರ್ಲೆಂಡಿನ ಭೀಕರ ಕ್ಷಾಮದ ವರ್ಷಗಳಲ್ಲೇ ಹೊರಬಂದ ಈ ಪುಸ್ತಕವನ್ನು ಇಂಗ್ಲೆಂಡಿನ ಓದುಗರು ಕಣ್ಣೆತ್ತಿಯೂ ನೋಡಲಿಲ್ಲ. ಬಾರ್ಸೆಟ್‌ಷೈರ್ ಎಂಬ ಕಲ್ಪಿತ ಇಂಗ್ಲಿಷ್ ಸೀಮೆಯಲ್ಲಿ ನಡೆಯುವ ಟ್ರಾಲಪ್ ಅವರ ನಂತರದ ಕಾದಂಬರಿಗಳ ತಿಳಿಹಾಸ್ಯ ಇಲ್ಲಿ ವಿರಳ. ಆದರೂ ಸಾಲವೇ ಸಂಬಂಧಗಳನ್ನು ಕೆಡಿಸುವ ಬಗೆಯನ್ನು ಅವರು ಇಷ್ಟು ನಿರ್ದಾಕ್ಷಿಣ್ಯವಾಗಿ ಬೇರೆಡೆ ಬರೆದದ್ದು ಕಡಿಮೆಯೆಂದೇ ನನ್ನ ಅಭಿಪ್ರಾಯ.