ಕಾರವಾರದ ಓಣಿಗಳು ಇಷ್ಟು ಇಕ್ಕಟ್ಟಾದದ್ದು ಹೊರಗಿನಿಂದ ಬಂದವರಿಂದಲೇ?

ಇಷ್ಟು ಸಣ್ಣ ಊರಲ್ಲೂ ಮನೆಗೆ ಮನೆ ತಾಗಿ, ಗಾಡಿ ಹೋಗದಂಥ ಓಣಿಗಳು ಯಾಕೆ ಬೆಳೆದವು, ವಲಸೆ ಬಂದವರೇ ಕಾರಣವೇ ಎಂದು ಕೇಳಿದ್ದೀರಿ. ಅಂಥದ್ದೇ ಓಣಿಯಲ್ಲಿ ಹುಟ್ಟಿ ಬೆಳೆದವನು ನಾನು. ಅವರ ತಲೆಗೆ ಕಟ್ಟುವುದು ಅನ್ಯಾಯ.

ಮೊದಲು ನೆಲ ನೋಡಿ. ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಕಾಳಿ ನದಿ, ಬೆನ್ನಿಗೆ ಗುಡ್ಡ ಮತ್ತು ಕಾಡು. ದಕ್ಷಿಣಕ್ಕೆ ಬಿಣಗಾ ದಾಟಿದರೆ ನೌಕಾನೆಲೆ. ಆ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. ಕಾರವಾರ, ಅಂಕೋಲಾದ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಏಳಬೇಕಾಯಿತು. ಉಳಿದ ಸಪಾಟು ಜಾಗವೆಂದರೆ ಗದ್ದೆ, ಗಜನಿ (ಉಪ್ಪುನೀರು ಏರುವ ತಗ್ಗು ಗದ್ದೆ) ಮತ್ತು ಹಿತ್ತಲು.

ಆ ಹಿತ್ತಲನ್ನು ತುಂಡು ಮಾಡಿದವರು ನಾವೇ. ಅಜ್ಜನ ಕಾಲಕ್ಕೆ ನಮ್ಮದು ಹನ್ನೆರಡು ಗುಂಟೆ, ಒಂದು ಮನೆ, ಒಂದು ಬಾವಿ. ಅಪ್ಪ-ಚಿಕ್ಕಪ್ಪಂದಿರ ಹಿಸೆಯಲ್ಲಿ ಮೂರಾಯಿತು. ಕಿರಿಯ ಚಿಕ್ಕಪ್ಪ ತಮ್ಮ ಪಾಲನ್ನು ಎರಡೆರಡು ಗುಂಟೆಯಂತೆ ಮಾರಿದರು. ಮೊನ್ನೆ ಹಿಸೆ ಪತ್ರ ತೆಗೆದು ಓದಿದೆ. ಯಾರ ಪಾಲಿಗೆ ಎಷ್ಟು ತೆಂಗಿನ ಮರ ಎಂದು ಒಂದೊಂದನ್ನೂ ಎಣಿಸಿ ಬರೆದಿದ್ದಾರೆ. ದಾರಿಗೆ ಮಾತ್ರ ‘ಹೋಗಿ ಬರುವ ವಹಿವಾಟಿನ ದಾರಿ’ ಎಂಬ ಒಂದೇ ಸಾಲು. ಎಷ್ಟು ಅಡಿ ಅಗಲ ಎಂದಿಲ್ಲ, ಗಟಾರದ ಮಾತೇ ಇಲ್ಲ. ಆಮೇಲೆ ಎಲ್ಲರೂ ಚಿರೆಕಲ್ಲಿನ ಕಂಪೌಂಡನ್ನು ಒಂದೊಂದು ಅಡಿ ಮುಂದೆ ತಂದರು. ಈಗ ಎದುರಿಂದ ಬೈಕ್ ಬಂದರೆ ಯಾರದೋ ಗೇಟಿನೊಳಗೆ ಸರಿದು ನಿಲ್ಲಬೇಕು.

ಇದಕ್ಕಿಂತ ದೊಡ್ಡ ಸಂಕಟ ಬಾವಿಯದು. ಇಲ್ಲಿನದು ಉಸುಕಿನ ನೆಲ. ಜುಲೈಯಲ್ಲಿ ಬಗ್ಗಿ ತಂಬಿಗೆಯಲ್ಲೇ ಮೊಗೆಯುವಷ್ಟು ನೀರು ಮೇಲೆ ಬರುತ್ತದೆ. ಪಕ್ಕದ ಶೌಚದ ಗುಂಡಿಯೂ ಆಗ ಅದೇ ನೀರಲ್ಲಿ ನಿಂತಿರುತ್ತದೆ. ನಮ್ಮ ಬಾವಿಯ ಸುತ್ತ ಇಂಥ ನಾಲ್ಕು ಗುಂಡಿಗಳಿವೆ. ತೀರಾ ಹತ್ತಿರದ್ದು, ಹದಿನೈದೇ ಹೆಜ್ಜೆಯದ್ದು, ನಮ್ಮದೇ. ಆಯಿ ಆ ನೀರಲ್ಲಿ ಅನ್ನ ಮಾಡುವುದನ್ನು ಬಿಟ್ಟಿದ್ದಾಳೆ, ಈಗೇನಿದ್ದರೂ ಬಟ್ಟೆ ಒಗೆಯಲು. ಗುಂಡಿ ತುಂಬಿದರೆ ಟ್ಯಾಂಕರ್ ಓಣಿಯೊಳಗೆ ಬರುವುದಿಲ್ಲ. ಮೂರು ಮನೆಯ ಅಂಗಳ ದಾಟಿಸಿ ಪೈಪ್ ಎಳೆಯಬೇಕು.

ಇನ್ನು ವಲಸೆಯ ಮಾತು. ಹಾವೇರಿ, ಗದಗ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಹಿತ್ತಲಲ್ಲಿ ಶೀಟು ಹೊದಿಸಿ, ನಾಲ್ಕು ಕೋಣೆಗೆ ಒಂದು ಶೌಚಾಲಯ ಕೊಟ್ಟು ಬಾಡಿಗೆ ಎಣಿಸುವವರು ಊರಿನವರು. ಅದೂ ಸಿಗದವರು ಗುಡ್ಡದ ಬುಡಕ್ಕೆ ಹೋಗುತ್ತಾರೆ. 2009ರ ಅಕ್ಟೋಬರಿನಲ್ಲಿ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತದ್ದು ಗೊತ್ತಿದ್ದೂ ಹೋಗುತ್ತಾರೆ, ಯಾಕೆಂದರೆ ಬೇರೆ ಜಾಗವಿಲ್ಲ.

ನೀವು ಇಲ್ಲಿ ಜಾಗ ಕೊಳ್ಳುವುದಾದರೆ ದಾರಿಯ ಅಗಲವನ್ನು ಅಡಿ ಲೆಕ್ಕದಲ್ಲಿ ಪತ್ರದಲ್ಲೇ ಬರೆಸಿ. ಗಜನಿಗೆ ಕೆಂಪು ಮಣ್ಣು ತುಂಬಿದ ಪ್ಲಾಟಾದರೆ ಜುಲೈಯಲ್ಲಿ ಒಮ್ಮೆ ನೋಡದೆ ಮುಂಗಡ ಕೊಡಬೇಡಿ.

ನಮ್ಮ ಓಣಿಯಲ್ಲಿ ಕಂಪೌಂಡುಗಳನ್ನು ತಲಾ ಎರಡಡಿ ಹಿಂದೆ ಸರಿಸುವ ಮಾತು ನಡೆದಿದೆ. ಮಳೆಗಾಲ ಮುಗಿದ ಮೇಲೆ ಮೊದಲು ನಮ್ಮದನ್ನೇ ಒಡೆಸುತ್ತೇನೆ. ಒಂದು ತೆಂಗಿನ ಮರ ಅಡ್ಡ ಇದೆ, ಅದನ್ನು ಕಡಿಯಲು ಆಯಿ ಇನ್ನೂ ಒಪ್ಪಿಲ್ಲ.